ಹಳೆಯ ಗಣಕವೂ ತೆರೆದ ತಂತ್ರಾಂಶವೂ

ಮೂಲೆಗೆ ಸರಿಸಿ ಬಟ್ಟೆ ಹೊದಿಸಿಟ್ಟ ಗಣಕಯಂತ್ರಗಳನ್ನು ಕಾಣದ ವಿದ್ಯಾರ್ಥಿ ನಮ್ಮಲ್ಲಿ ವಿರಳ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಮುಗಿದ ಮೇಲಂತೂ ಅವು ಗುಜರಿಗೇ ಸರಿ ಎಂಬ ಮಾತು ಬಲವಾಗಿದೆ. ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲವಷ್ಟೆ. ಆದರೆ ಮಾರ್ಕೋನಹಳ್ಳಿಯಂಥ ಊರಿನಿಂದ ಬಸ್ಸು ಹಿಡಿದು ಬರುವವನಿಗೆ ಗಣಕವೆಂದರೆ ಕಾಲೇಜಿನ ಗಣಕವೇ. ಅವನು ಪ್ರಬಂಧದ ಒಂದೊಂದು ಪುಟಕ್ಕೂ ಅಂಗಡಿಯಲ್ಲಿ ಹಣ ತೆತ್ತು ಟೈಪು ಮಾಡಿಸುತ್ತಿರುವಾಗ ಕೆಡದ ಯಂತ್ರವನ್ನು ಗುಜರಿಗೆ ಹಾಕುವುದು ನ್ಯಾಯವಲ್ಲ. ಅವುಗಳಲ್ಲಿ ಲಿನಕ್ಸ್ ಹಾಕಿ ಬಳಸಬೇಕೆಂಬುದೇ ನನ್ನ ವಾದ.

ಇದಕ್ಕೆ ಮಿತ್ರರು ಕೊಡುವ ಉತ್ತರ ಒಂದೇ: "ಹಾಕಿ ನೋಡಿದೆವು, ಪರದೆ ಕಪ್ಪಾಯಿತು." ಮಾತು ನಿಜ. ಆದರೆ ಬಹುಪಾಲು ಇದು ಗ್ರಾಫಿಕ್ಸ್ ಕಾರ್ಡಿನ ತಂಟೆ. 2009ರಲ್ಲಿ ಬಂದ ಎನ್‌ವಿಡಿಯಾ ಜಿಫೋರ್ಸ್ 210 ಕಾರ್ಡನ್ನೇ ನೋಡಿ. ಅದಕ್ಕೆ ತಯಾರಕರು ಕೊಟ್ಟ 340ನೆಯ ಸಾಲಿನ ಡ್ರೈವರು ಕೊನೆಯ ಬಾರಿ ಹೊರಬಂದದ್ದು 2019ರ ಡಿಸೆಂಬರಿನಲ್ಲಿ. ಲಿನಕ್ಸಿನ ತಿರುಳಾದ ಕರ್ನಲ್ ಅಂದಿನಿಂದ ಎಷ್ಟೋ ಬದಲಾಗಿದೆ. ಡ್ರೈವರಿನ ಮೂಲಬರಹ ಮುಚ್ಚಿಟ್ಟದ್ದಾದ್ದರಿಂದ ಹೊಸ ಕರ್ನಲ್ಲಿಗೆ ಅದನ್ನು ಸರಿಯಾಗಿ ಹೊಂದಿಸುವುದು ಅನ್ಯರಿಗೆ ಕಷ್ಟ.

ಈ ಕೊರತೆಯನ್ನು ತುಂಬಲು ಸ್ವಯಂಸೇವಕರು ಕಟ್ಟಿದ್ದೇ 'ನೂವೋ' ಎಂಬ ಡ್ರೈವರು. ಸುಟ್ಟ ಪಂಪ್‌ಸೆಟ್ ಮೋಟಾರನ್ನು ರಿವೈಂಡಿಂಗ್ ಅಂಗಡಿಗೆ ಒಯ್ದರೆ ಮೇಸ್ತ್ರಿ ಕಂಪನಿಯ ನಕ್ಷೆ ಕೇಳುವುದಿಲ್ಲ. ಹಳೆಯ ಸುರುಳಿಯನ್ನು ಬಿಚ್ಚಿ, ಸುತ್ತುಗಳನ್ನೆಣಿಸಿ, ತಂತಿಯ ದಪ್ಪ ಅಳೆದು ಹೊಸದನ್ನು ಸುತ್ತುತ್ತಾನೆ. ಇವರೂ ಹಾಗೆಯೇ, ಕಂಪನಿಯ ಡ್ರೈವರು ಕಾರ್ಡಿಗೆ ಏನೇನು ಆಜ್ಞೆ ಕೊಡುತ್ತದೆಂದು ಗಮನಿಸಿ ಗಮನಿಸಿ ತಮ್ಮದನ್ನು ಬರೆದರು. 2010ರಲ್ಲಿ ಅದು ಕರ್ನಲ್ಲಿನೊಳಗೆ ಸೇರಿತು. ಕೊರತೆಗಳನ್ನೂ ಹೇಳಬೇಕು. ಎಷ್ಟೋ ಕಾರ್ಡುಗಳು ಇದರಡಿಯಲ್ಲಿ ಮಂದಗತಿಯಲ್ಲೇ ನಡೆಯುತ್ತವೆ. 900ರ ಸಾಲಿನ ಕಾರ್ಡುಗಳಲ್ಲಿ ತಯಾರಕರ ಸಹಿಯುಳ್ಳ ಫರ್ಮ್‌ವೇರ್ ಇಲ್ಲದೆ ವೇಗ ಏರಿಸಲಾಗದು. ಆಟವಾಡುವವರು ಆಸೆ ಬಿಡಲಿ. ಟೈಪು ಮಾಡಲು, ಓದಲು ಧಾರಾಳವಾಗಿ ಸಾಕು.

ಎಎಂಡಿ ಸಂಸ್ಥೆಯವರು 2007ರಿಂದಲೇ ತಮ್ಮ ರೇಡಿಯಾನ್ ಕಾರ್ಡುಗಳ ವಿವರಪತ್ರಗಳನ್ನು ಹೊರಗಿಡಲಾರಂಭಿಸಿದರು. ಅದರ ಫಲವಾಗಿ ಹಳೆಯ ರೇಡಿಯಾನ್‌ಗಳು ಸಾಮಾನ್ಯವಾಗಿ ಬೇರೇನನ್ನೂ ಹಾಕದೆಯೇ ನಡೆಯುತ್ತವೆ. ಎನ್‌ವಿಡಿಯಾದವರು 2022ರಲ್ಲಿ ಕರ್ನಲ್ ಭಾಗವನ್ನು ತೆರೆದರಾದರೂ ಅದು 2018ರಿಂದೀಚಿನ ಟ್ಯೂರಿಂಗ್ ಪೀಳಿಗೆಗೆ ಮತ್ತು ಮುಂದಿನವಕ್ಕೆ ಮಾತ್ರ. ಈ ಸಂಸ್ಥೆಯನ್ನು ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ಬೈದ ಬಗೆಯನ್ನು ಕಾಲೇಜು ಸಂಚಿಕೆಯಲ್ಲಿ ಅಚ್ಚು ಮಾಡುವಂತಿಲ್ಲ!

'ಕಚೇರಿಗಳಲ್ಲಿ ವಿಂಡೋಸ್ ಇರುವಾಗ ಇದನ್ನೇಕೆ ಕಲಿಯಬೇಕು?' ಎಂದು ಗುರುಗಳು ಕೇಳಬಹುದು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಹುಕಾಲದಿಂದ ಗಣಕದ ಪಾಠ ಲಿನಕ್ಸಿನಲ್ಲೇ ನಡೆಯುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಕಲಿಯುತ್ತಾರೆ. ಕನ್ನಡದ ಅಕ್ಷರಗಳಿಗೂ ಕೊರತೆಯಿಲ್ಲ. 'ನವಿಲು' ಎಂಬುದೊಂದು ಫಾಂಟು, 'ಗುಬ್ಬಿ' ಎಂಬುದಿನ್ನೊಂದು. ನೆರೆಯ ತಾಲ್ಲೂಕಿನವರು ಹಿಗ್ಗುವುದಾದರೆ ಹಿಗ್ಗಲಿ.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ ನೋಡಬಹುದು. ಒಳಗಿನ ಡಿಸ್ಕಿಗೆ ಧಕ್ಕೆಯಿಲ್ಲ. ಪರದೆ ಕಪ್ಪಾದರೆ ಆರಂಭದ ಸಾಲಿಗೆ 'ನೋಮೋಡ್‌ಸೆಟ್' ಎಂಬ ಪದವನ್ನು ಇಂಗ್ಲಿಷಿನಲ್ಲಿ ಸೇರಿಸಿ ಮತ್ತೆ ಹೊರಡಿಸಬೇಕು. ಚಿತ್ರ ಮೂಡುವುದೇನೋ ಮೂಡುತ್ತದೆ, ವೇಗವಿರುವುದಿಲ್ಲ. ಕಾರ್ಡು ಯಾವುದೆಂದು ಪತ್ತೆ ಹಚ್ಚಲು ಅಷ್ಟು ಸಾಕು. ಪ್ರೊಸೆಸರಿನಲ್ಲೇ ಇಂಟೆಲ್ ಗ್ರಾಫಿಕ್ಸ್ ಇದ್ದರೆ ಇನ್ನೂ ಸುಲಭ: ತಂಟೆಯ ಕಾರ್ಡನ್ನು ಕಿತ್ತು, ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿನ ಕಿಂಡಿಗೇ ಚುಚ್ಚುವುದು.

ಗುಜರಿ ಹರಾಜಿಗೆ ಮುನ್ನ ಮಾನ್ಯ ಪ್ರಾಂಶುಪಾಲರು ಆ ಯಂತ್ರಗಳಲ್ಲಿ ಒಂದೆರಡನ್ನು ನಮ್ಮ ವಶಕ್ಕೆ ಕೊಟ್ಟು, ಶನಿವಾರದ ತರಗತಿಗಳು ಮುಗಿದ ಮೇಲೆ ಕೊಠಡಿಯ ಬೀಗದ ಕೈಯನ್ನೂ ದಯಪಾಲಿಸಬೇಕೆಂದು ವಿನಂತಿ. ಪೆನ್‌ಡ್ರೈವ್ ನಾವೇ ತರುತ್ತೇವೆ.