ಲೈಟು ಉರಿಯುತ್ತದೆ, ಗಾಡಿ ಏಳುವುದಿಲ್ಲ!

ಚಿಕ್ಕಬಳ್ಳಾಪುರ ಜಿಲ್ಲೆಯ ಮಂಚೇನಹಳ್ಳಿ ಸುತ್ತಿನ ಒಂದು ಊರು ಎಂದಿಟ್ಟುಕೊಳ್ಳಿ. ಇನ್ನೂ ಬೆಳಕು ಹರಿದಿಲ್ಲ. ಹಿಂದಿನ ಸಂಜೆ ಬಿಡಿಸಿದ ಸೇವಂತಿಗೆಯ ಮೂಟೆಗಳನ್ನು ಪಿಕಪ್ ಗಾಡಿಗೆ ಏರಿಸಿಯಾಗಿದೆ. ಹೊತ್ತೇರುವುದರೊಳಗೆ ಚಿಕ್ಕಬಳ್ಳಾಪುರದ ಮಾರುಕಟ್ಟೆ ಸೇರಬೇಕು. ತಡವಾದರೆ ಹೂವೂ ಬಾಡುತ್ತದೆ, ಬೆಲೆಯೂ ಇಳಿಯುತ್ತದೆ. ರೈತ ಕೀಲಿ ತಿರುಗಿಸುತ್ತಾನೆ. ‘ಟಕ್’ ಎಂಬ ಒಂದೇ ಸದ್ದು. ಸೆಲ್ಫ್ ತಿರುಗದು.

“ಬ್ಯಾಟರಿ ಹೋಗಿದೆ ಅಣ್ಣಾ, ಹೊಸದು ಹಾಕಿಸಿಬಿಡು” ಎನ್ನುತ್ತಾನೆ ಪಕ್ಕದ ಮನೆಯವನು. ಅಂದರೆ ಹಲವು ಸಾವಿರ ರೂಪಾಯಿ ಖರ್ಚು. ಅಷ್ಟರಲ್ಲಿ ಹತ್ತನೆಯ ತರಗತಿಯ ಮಗಳು ಕೇಳುತ್ತಾಳೆ: “ಅಪ್ಪಾ, ಬ್ಯಾಟರಿ ಹೋಗಿದ್ರೆ ಲೈಟು ಇಷ್ಟು ಚೆನ್ನಾಗಿ ಹೇಗೆ ಉರೀತಿದೆ?”

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಅವಳ ಪಠ್ಯಪುಸ್ತಕದಲ್ಲಿಯೇ ಉಂಟು. ಜರ್ಮನಿಯ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವದು: ಪ್ರವಾಹವನ್ನು ರೋಧದಿಂದ ಗುಣಿಸಿದರೆ ವೋಲ್ಟೇಜು.

ಎರಡು ಹೆಡ್‌ಲೈಟುಗಳಿಗೆ ಸುಮಾರು 10 ಆಂಪಿಯರ್ ಸಾಕು. ಡೀಸೆಲ್ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ 200 ಆಂಪಿಯರೋ ಇನ್ನೂ ಹೆಚ್ಚೋ ಬೇಕು. ಬ್ಯಾಟರಿಯ ಸೀಸದ ಕಂಬಕ್ಕೂ ಅದನ್ನು ಹಿಡಿದಿರುವ ಕ್ಲಾಂಪಿಗೂ ನಡುವೆ ಕಿಲುಬು ಕಟ್ಟಿ, ಅಲ್ಲಿ 0.02 ಓಮ್ ರೋಧ ಹುಟ್ಟಿದೆ ಎನ್ನೋಣ. ಲೈಟು ಉರಿಯುವಾಗ ಅಲ್ಲಿ ಆಗುವ ನಷ್ಟ 10 × 0.02 = 0.2 ವೋಲ್ಟ್, ಕಣ್ಣಿಗೆ ಗೊತ್ತೇ ಆಗದು. ಆದರೆ 200 ಆಂಪಿಯರ್ ಹರಿಯಬೇಕಾದರೆ? 200 × 0.02 = 4 ವೋಲ್ಟ್! ಬ್ಯಾಟರಿಯ 12 ವೋಲ್ಟಿನಲ್ಲಿ ಮೂರನೆಯ ಒಂದು ಪಾಲು ಕಿಲುಬಿನಲ್ಲಿಯೇ ಕಳೆದುಹೋಗುತ್ತದೆ. ಉಳಿದದ್ದು ಮೋಟಾರಿಗೆ ಸಾಲದು. ಆದ್ದರಿಂದ ಲೈಟು ಉರಿದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎನ್ನಲಾಗದು. ಗಾಡಿ ಏಳದ ಮಾತ್ರಕ್ಕೆ ಬ್ಯಾಟರಿ ಸತ್ತಿದೆ ಎಂದೂ ಹೇಳಲಾಗದು.

ಹಾಗಾದರೆ ತಿಳಿಯುವುದು ಹೇಗೆ? ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಅದನ್ನು 20 ವೋಲ್ಟ್ ಡಿ.ಸಿ.ಗೆ ತಿರುಗಿಸಿಕೊಳ್ಳಬೇಕು. ಆಂಪಿಯರ್ ಅಳೆಯುವ ಸ್ಥಾನದಲ್ಲಿಟ್ಟು ಬ್ಯಾಟರಿಗೆ ನೇರವಾಗಿ ಮುಟ್ಟಿಸಲೇಬಾರದು.

ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ ಎಂದರ್ಥ, 12.2 ಆದರೆ ಸುಮಾರು ಅರ್ಧ. ಅನಂತರ ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಕೀಲಿ ತಿರುಗಿಸಬೇಕು. ಇನ್ನೊಬ್ಬರು ಮೀಟರ್ ನೋಡಬೇಕು. ತುಂಬಿದ ಬ್ಯಾಟರಿಯೂ ಆಗ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ಕುಸಿಯದೆ ನಿಂತರೆ ದೋಷ ಮುಂದಿನ ದಾರಿಯಲ್ಲಿದೆ. ಮೀಟರಿನ ಒಂದು ಕಡ್ಡಿ ಸೀಸದ ಕಂಬಕ್ಕೆ, ಇನ್ನೊಂದು ಅದರ ಕ್ಲಾಂಪಿಗೆ ಇಟ್ಟು ಮತ್ತೆ ಕೀಲಿ ತಿರುಗಿಸಿ. ಸರಿಯಾದ ಜೋಡಣೆಯಲ್ಲಿ ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಕಳ್ಳ ಅಲ್ಲಿಯೇ ಸಿಕ್ಕಿಬಿದ್ದ! ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥಿಂಗ್ ತಂತಿಯನ್ನೂ ಹೀಗೆಯೇ ಪರೀಕ್ಷಿಸಬೇಕು.

ಕಿಲುಬು ತೆಗೆಯಲು ಅಡುಗೆ ಸೋಡಾ ಕಲಸಿದ ಬಿಸಿನೀರು ಸಾಕು. ಸೋಡಾ ಕ್ಷಾರ, ಅದು ಆಮ್ಲವನ್ನು ತಟಸ್ಥಗೊಳಿಸುತ್ತದೆ. ಆ ನೀರು ಬ್ಯಾಟರಿಯ ಒಳಗೆ ಮಾತ್ರ ಇಳಿಯಬಾರದು. ಮೊದಲು ಮೈನಸ್ ತಂತಿ ಬಿಚ್ಚಬೇಕು, ಜೋಡಿಸುವಾಗ ಅದನ್ನೇ ಕೊನೆಗೆ ಹಾಕಬೇಕು. ಇಲ್ಲವಾದರೆ ಪ್ಲಸ್ ಬಿಚ್ಚುವ ಸ್ಪ್ಯಾನರ್ ಗಾಡಿಯ ಮೈಗೆ ತಗುಲಿ ಕಿಡಿ ಹಾರೀತು. ಬ್ಯಾಟರಿಯಿಂದ ಜಲಜನಕ ಹೊರಬೀಳುತ್ತದೆ; ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು.

ಗಾಡಿ ಎದ್ದ ಮೇಲೆ ಇನ್ನೊಂದು ಪರೀಕ್ಷೆ ಉಳಿದಿದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಕಾಣಬೇಕು. ಇದು ಆಲ್ಟರ್ನೇಟರಿನ ಕೊಡುಗೆ. ಮೆಕ್ಯಾನಿಕ್‌ಗಳು ಇಂದಿಗೂ ಡೈನಮೋ ಎನ್ನುವುದುಂಟು. 12.4ರಲ್ಲಿಯೇ ನಿಂತು ಇಳಿಯುತ್ತ ಹೋದರೆ ಬೆಲ್ಟ್ ಸಡಿಲವಾಗಿರಬಹುದು, ಬ್ರಷ್ ಸವೆದಿರಬಹುದು, ಡಯೋಡ್ ಸುಟ್ಟಿರಬಹುದು. ಹಾಗಿರುವಾಗ ಹೊಸ ಬ್ಯಾಟರಿ ಹಾಕಿಸಿದರೂ ಕೆಲವೇ ದಿನಗಳಲ್ಲಿ ಅದೂ ಬರಿದಾಗುತ್ತದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಯ ನೀರು ಕುದಿದು ಆರುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ. 200 ಆಂಪಿಯರ್ 3 ಸೆಕೆಂಡು ಹರಿದರೆ 600 ಕೂಲಂಬ್. ಆಲ್ಟರ್ನೇಟರ್ 10 ಆಂಪಿಯರಿನಂತೆ ತುಂಬಿದರೆ ಹೆಚ್ಚುಕಡಿಮೆ ಒಂದೇ ನಿಮಿಷದಲ್ಲಿ ಆ ಸಾಲ ತೀರುತ್ತದೆ. ಗಾಡಿ ಎಬ್ಬಿಸುವುದರಿಂದ ಬ್ಯಾಟರಿ ಬಡವಾಗುವುದಿಲ್ಲ. ಕೊಟ್ಟದ್ದು ವಾಪಸು ಬಾರದಿದ್ದರೆ ಬಡವಾಗುತ್ತದೆ.

ಒಂದು ಎಚ್ಚರಿಕೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ತಂತಿ ಕಿತ್ತು ‘ಡೈನಮೋ’ ಪರೀಕ್ಷಿಸುವ ಹಳೆಯ ರೂಢಿ ಕೆಲವು ಕಡೆ ಇದೆ. ಆಗ ವೋಲ್ಟೇಜು ಒಮ್ಮೆಲೇ ಜಿಗಿದು ಡಯೋಡ್‌ಗಳೂ ಎಲೆಕ್ಟ್ರಾನಿಕ್ ಭಾಗಗಳೂ ಸುಟ್ಟುಹೋಗಬಹುದು. ಹಾಗೆ ಮಾಡಬಾರದು.

ಆ ಮುಂಜಾನೆ ಕಿಲುಬು ಉಜ್ಜಿ, ಕ್ಲಾಂಪ್ ಬಿಗಿಮಾಡಿದ ಮೇಲೆ ಗಾಡಿ ಎದ್ದಿತು. ಹೂವು ತಡವಾಗಿಯೇ ಮಾರುಕಟ್ಟೆ ಸೇರಿತು. ಬೆಲೆ ಸ್ವಲ್ಪ ಕಡಿಮೆಯೇ ಸಿಕ್ಕಿತು. ಆದರೆ ಬ್ಯಾಟರಿಯ ದುಡ್ಡು ಮನೆಯಲ್ಲಿಯೇ ಉಳಿಯಿತು. ಮಕ್ಕಳು ಪ್ರಶ್ನೆ ಕೇಳಿದಾಗ ಹಿರಿಯರು “ಸುಮ್ಮನಿರು, ನಿನಗೇನು ಗೊತ್ತು?” ಎನ್ನದಿದ್ದರೆ ಆಗುವ ಲಾಭ ಇದು. ಮೊದಲು ಅಳೆಯಬೇಕು, ಆಮೇಲೆ ಬದಲಾಯಿಸಬೇಕು.