ಕುರ್ಚಿ ಉರುಳಿದ ಮರುದಿನ ಏನು?

ಮೂರೇ ವರ್ಷಗಳ ಅವಧಿಯಲ್ಲಿ ನಮ್ಮ ನೆರೆಯ ಮೂರು ದೇಶಗಳ ಆಡಳಿತ ಬೀದಿಯ ಕೂಗಿಗೆ ಉರುಳಿಬಿತ್ತು. 2022ರ ಜುಲೈನಲ್ಲಿ ಶ್ರೀಲಂಕಾದ ಅಧ್ಯಕ್ಷ ಗೊಟಬಯ ರಾಜಪಕ್ಸ ದೇಶ ಬಿಟ್ಟು ಹೋದರು. 2024ರ ಆಗಸ್ಟ್ 5ರಂದು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಭಾರತಕ್ಕೆ ಬಂದಿಳಿದರು. 2025ರ ಸೆಪ್ಟೆಂಬರ್ 9ರಂದು ನೇಪಾಳದ ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಮೂರೂ ಕಡೆ ಬೀದಿಯಲ್ಲಿ ಮುಂದೆ ನಿಂತವರು ನಮ್ಮ ವಯಸ್ಸಿನವರು.

ಕಾಮಸಮುದ್ರದಿಂದ ಬಂಗಾರಪೇಟೆಗೆ, ಅಲ್ಲಿಂದ ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ರೈಲು ಹತ್ತುವ ನನ್ನಂಥವರ ನಡುವೆ ಈಗ ಇದೇ ಮಾತು. ‘ನಮ್ಮಲ್ಲೂ ಒಂದ್ಸಲ ಹಂಗೇ ಆಗ್ಬೇಕು’ ಎನ್ನುವವರು ಕಡಿಮೆಯಿಲ್ಲ. ನೇಮಕಾತಿ ಅಧಿಸೂಚನೆಗೆ ಕಾದೂ ಕಾದೂ ವಯೋಮಿತಿ ಮೀರುತ್ತಿರುವವನ ಬಾಯಲ್ಲಿ ಆ ಮಾತು ಬಂದರೆ ನಾನು ತಪ್ಪೆನ್ನಲಾರೆ. ಆದರೆ ಒಂದು ಪ್ರಶ್ನೆಯನ್ನಂತೂ ಕೇಳಿಕೊಳ್ಳಲೇಬೇಕು: ಕುರ್ಚಿ ಉರುಳಿದ ಮರುದಿನ ಏನು?

ಬಾಂಗ್ಲಾದೇಶದಲ್ಲಿ ಕಿಡಿ ಹೊತ್ತಿದ್ದು ಸರ್ಕಾರಿ ನೌಕರಿಯ ವಿಷಯಕ್ಕೆ. 1971ರ ವಿಮೋಚನಾ ಹೋರಾಟಗಾರರ ಕುಟುಂಬಗಳಿಗಿದ್ದ ಶೇ 30ರ ಮೀಸಲು ಮತ್ತೆ ಜಾರಿಗೆ ಬರುತ್ತದೆ ಎಂದಾಗ ವಿದ್ಯಾರ್ಥಿಗಳು ಬೀದಿಗಿಳಿದರು. ನೂರಾರು ಜನ ಸತ್ತರು, ಸರ್ಕಾರ ಬಿತ್ತು. ಮಧ್ಯಂತರ ಸರ್ಕಾರ ಬಂದು ಒಂದು ವರ್ಷ ಕಳೆದರೂ ಚುನಾವಣೆ ನಡೆದಿರಲಿಲ್ಲ. ನೇಪಾಳದಲ್ಲಿ ಸಾಮಾಜಿಕ ಜಾಲತಾಣಗಳ ನಿಷೇಧ ನೆಪವಾಯಿತು. ಒಳಗಿದ್ದದ್ದು ಭ್ರಷ್ಟಾಚಾರ ಮತ್ತು ನಿರುದ್ಯೋಗದ ಸಿಟ್ಟು. ಎರಡೇ ದಿನದಲ್ಲಿ ಸರ್ಕಾರವೂ ಹೋಯಿತು, ಸುಪ್ರೀಂ ಕೋರ್ಟ್ ಕಟ್ಟಡಕ್ಕೂ ಬೆಂಕಿ ಬಿತ್ತು. ಶ್ರೀಲಂಕಾದಲ್ಲಿ ಜನ ಕೇಳಿದ ಬದಲಾವಣೆ ಮತಪೆಟ್ಟಿಗೆಯ ಮೂಲಕ ಬರಲು 2024ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು.

ಇದು ಇಂದಿನ ಕಥೆಯಷ್ಟೇ ಅಲ್ಲ. ಸ್ವಾತಂತ್ರ್ಯ, ಸಮಾನತೆ ಎಂದು ಕೂಗಿ 1789ರಲ್ಲಿ ಎದ್ದ ಫ್ರಾನ್ಸ್, ಹದಿನೈದೇ ವರ್ಷಗಳಲ್ಲಿ ನೆಪೋಲಿಯನ್‌ನನ್ನು ಚಕ್ರವರ್ತಿ ಎಂದು ಒಪ್ಪಿಕೊಂಡಿತು. ಎಲ್ಲ ಮನುಷ್ಯರೂ ಸಮಾನರೆಂದು 1776ರಲ್ಲಿ ಸಾರಿದ ಅಮೆರಿಕ, ಗುಲಾಮಗಿರಿ ತೆಗೆದುಹಾಕಲು 1865ರವರೆಗೆ ತೆಗೆದುಕೊಂಡಿತು. ಬಂಡಾಯ ಬಾಗಿಲು ತೆರೆಯುತ್ತದೆ. ಒಳಗೆ ಯಾರು ಬಂದು ಕೂರುತ್ತಾರೆ ಎಂಬುದು ಬೇರೆಯದೇ ಲೆಕ್ಕ.

ಆ ಲೆಕ್ಕವನ್ನು ಸರಿಯಾಗಿ ಮಾಡಿದ ಉದಾಹರಣೆಯೊಂದು ನಮ್ಮ ಮಗ್ಗುಲಲ್ಲೇ ಇದೆ. ‘ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಯಾರು?’ ಎಂಬುದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಒಂದು ಅಂಕದ ಪ್ರಶ್ನೆ. ಉತ್ತರ: ಕೆ.ಸಿ. ರೆಡ್ಡಿ. ‘ಕೆ’ ಎಂದರೆ ಕ್ಯಾಸಂಬಳ್ಳಿ. ಮೊದಲು ನಮ್ಮ ಬಂಗಾರಪೇಟೆ ತಾಲ್ಲೂಕಿನಲ್ಲೇ ಇದ್ದು, ಈಗ ಕೆಜಿಎಫ್ ತಾಲ್ಲೂಕಿಗೆ ಸೇರಿರುವ ಊರು. ಆ ಒಂದು ಅಂಕದ ಹಿಂದೆ ಹತ್ತು ವರ್ಷಕ್ಕೂ ಮೀರಿದ ಹೋರಾಟವಿದೆ.

ಮೈಸೂರು ಸಂಸ್ಥಾನದಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ಆದರೆ ಆ ಸಭೆಗೆ ಅಹವಾಲು ಹೇಳುವ ಅವಕಾಶವಿತ್ತೇ ಹೊರತು ದಿವಾನರನ್ನು ಇಳಿಸುವ ಅಧಿಕಾರ ಇರಲಿಲ್ಲ. ರೆಡ್ಡಿ ಮತ್ತು ಅವರ ಸಂಗಡಿಗರ ಬೇಡಿಕೆ ಒಂದೇ ಸಾಲಿನದು: ಮಂತ್ರಿಗಳು ಅರಮನೆಗಲ್ಲ, ಜನ ಆರಿಸಿದ ಸಭೆಗೆ ಉತ್ತರ ಕೊಡಬೇಕು. ಅದಕ್ಕೆ ‘ಜವಾಬ್ದಾರಿ ಸರ್ಕಾರ’ ಎಂಬ ಹೆಸರಿತ್ತು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆ ಸರ್ಕಾರ ಹೇಳಿದ್ದೊಂದು, ಜನ ಹೇಳಿದ್ದು ಇನ್ನೊಂದು. ಆ ಸಿಟ್ಟಿನಲ್ಲಿ ಏನು ಬೇಕಾದರೂ ಆಗಬಹುದಿತ್ತು. ಆದರೆ ಮಾತುಕತೆಯ ಬಾಗಿಲು ಮುಚ್ಚಲಿಲ್ಲ. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ದಿವಾನ ಮಿರ್ಜಾ ಇಸ್ಮಾಯಿಲ್ ಜೊತೆ ಮಾತನಾಡಿದರು. ಮೈಸೂರಿನ ಧ್ವಜದ ಜೊತೆ ಕಾಂಗ್ರೆಸ್ ಧ್ವಜ ಹಾರಿಸಲು ಒಪ್ಪಿಗೆ ಸಿಕ್ಕಿತು. ಜವಾಬ್ದಾರಿ ಸರ್ಕಾರ ಮಾತ್ರ ಸಿಗಲಿಲ್ಲ.

1947ರ ಆಗಸ್ಟ್ 15ರ ಹೊತ್ತಿಗೆ ಮೈಸೂರು ಭಾರತ ಒಕ್ಕೂಟ ಸೇರಲು ಒಪ್ಪಿಯಾಗಿತ್ತು. ಆದರೂ ಆಡಳಿತ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಕೈಯಲ್ಲೇ ಉಳಿದಿತ್ತು. ದೇಶ ಸ್ವತಂತ್ರವಾದರೂ ಇಲ್ಲಿನ ಜನ ಆರಿಸಿದ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’ ಶುರುವಾಯಿತು. ವಿದ್ಯಾರ್ಥಿಗಳು ತರಗತಿ ಬಿಟ್ಟು ಬಂದರು. ಗುಂಡೇಟಿಗೆ ಬಲಿಯಾದ ಒಬ್ಬ ವಿದ್ಯಾರ್ಥಿಯ ಹೆಸರು ಇವತ್ತಿಗೂ ಮೈಸೂರಿನ ರಾಮಸ್ವಾಮಿ ವೃತ್ತಕ್ಕಿದೆ. ಅಕ್ಟೋಬರ್‌ನಲ್ಲಿ ಅರಮನೆ ಒಪ್ಪಿತು. ತಿಂಗಳ ಕೊನೆಯ ವಾರದಲ್ಲಿ ರೆಡ್ಡಿ ಮಂತ್ರಿಮಂಡಲ ಅಧಿಕಾರಕ್ಕೆ ಬಂತು.

ಇಲ್ಲಿ ಮರುದಿನ ಶೂನ್ಯ ಉಳಿಯಲಿಲ್ಲ. ಏನು ಬೇಕು ಎಂಬುದು ವರ್ಷಗಳ ಹಿಂದೆಯೇ ಸ್ಪಷ್ಟವಾಗಿತ್ತು. ಅದನ್ನು ಕೇಳಲು ಹಳ್ಳಿ ಹಳ್ಳಿಯಲ್ಲಿ ಸಂಘಟನೆಯಿತ್ತು. ಒಪ್ಪಂದಕ್ಕೆ ಕೂರಲು ಜನ ನಂಬಿದ ನಾಯಕರಿದ್ದರು. ಢಾಕಾ, ಕಠ್ಮಂಡುಗಳಲ್ಲಿ ಧೈರ್ಯಕ್ಕೆ ಕೊರತೆ ಇರಲಿಲ್ಲ. ಇಂಥ ಸಿದ್ಧತೆಗೆ ಕೊರತೆ ಇತ್ತು.

ಹಾಗಂತ ನಮ್ಮ ಕಥೆ ಅಲ್ಲಿಗೇ ಸುಖಾಂತ್ಯವಾಗಲಿಲ್ಲ. ಅದರ ಇನ್ನೊಂದು ಮುಖ ಕೆಜಿಎಫ್ ಗಣಿಗಳಲ್ಲಿದೆ. ಬ್ರಿಟಿಷ್ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಆ ಗಣಿಗಳಲ್ಲಿ ದುಡಿದವರಲ್ಲಿ ಹೆಚ್ಚಿನವರು ತಮಿಳು ಮಾತನಾಡುವ ದಲಿತರು. ಹೆಬ್ಬೆಟ್ಟಿನ ಗುರುತು ಕೊಟ್ಟು ಹೆಸರು ನೋಂದಾಯಿಸಬೇಕೆಂದು ಕಂಪನಿ ಹೇಳಿದಾಗ 1930ರಲ್ಲಿ ಅವರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ನಾವು ಕಳ್ಳರಲ್ಲ, ಮನುಷ್ಯರು ಎಂಬುದು ಅದರ ಅರ್ಥ. 1946ರ ನವೆಂಬರ್ 4ರಂದು ಪೊಲೀಸ್ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ರೆಡ್ಡಿಯವರು ಮುಖ್ಯಮಂತ್ರಿಯಾಗಿದ್ದು ಅದಾಗಿ ಒಂದು ವರ್ಷದೊಳಗೆ.

ಜವಾಬ್ದಾರಿ ಸರ್ಕಾರ ಬಂದ ಮೇಲೂ ಗಣಿ ಕಂಪನಿಯದೇ ಆಗಿತ್ತು. ರಾಜ್ಯ ಸರ್ಕಾರ ಅದನ್ನು ವಹಿಸಿಕೊಂಡಿದ್ದು 1956ರಲ್ಲಿ, ಕೇಂದ್ರ ವಹಿಸಿಕೊಂಡಿದ್ದು 1962ರಲ್ಲಿ. 2001ರ ಫೆಬ್ರುವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಆ ಕಾಲೊನಿಗಳ ಜನ ಪ್ರತಿ ಚುನಾವಣೆಯಲ್ಲೂ ಮತ ಹಾಕಿದ್ದರು. ಮತ ಅವರ ಕೂಲಿಯನ್ನು ಉಳಿಸಲಿಲ್ಲ. ಇಂದು ಅವರ ಮಕ್ಕಳು, ಮೊಮ್ಮಕ್ಕಳು ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾರೆ.

ಡಾ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಎರಡು ಎಚ್ಚರಿಕೆಗಳನ್ನು ಕೊಟ್ಟರು. ಒಂದು, ಸಂವಿಧಾನದ ದಾರಿ ತೆರೆದಿರುವಾಗ ಬೀದಿಯ ದಾರಿ ಹಿಡಿದರೆ ಅರಾಜಕತೆ ಬರುತ್ತದೆ. ಇನ್ನೊಂದು, ರಾಜಕೀಯದಲ್ಲಿ ಸಮಾನತೆ ಕೊಟ್ಟು ಬದುಕಿನಲ್ಲಿ ಅಸಮಾನತೆ ಉಳಿಸಿದರೆ, ನೊಂದವರು ಈ ವ್ಯವಸ್ಥೆಯನ್ನೇ ಒಡೆಯುತ್ತಾರೆ. ಅಧಿಕಾರದಲ್ಲಿರುವವರಿಗೆ ಮೊದಲನೆಯದು ಮಾತ್ರ ನೆನಪಿರುತ್ತದೆ, ಸಿಟ್ಟಿನಲ್ಲಿರುವವರಿಗೆ ಎರಡನೆಯದು ಮಾತ್ರ. ಎರಡನ್ನೂ ಒಟ್ಟಿಗೆ ಓದಬೇಕು. ಕ್ಯಾಸಂಬಳ್ಳಿ ಮೊದಲನೆಯದಕ್ಕೆ ಸಾಕ್ಷಿ, ಕೆಜಿಎಫ್ ಎರಡನೆಯದಕ್ಕೆ.

ಹಾಗಾದರೆ ನಾವೇನು ಮಾಡಬೇಕು? ಸಿಟ್ಟು ಬಿಡಬೇಕಿಲ್ಲ. ಅದನ್ನು ಒಂದು ಸಾಲಿನಲ್ಲಿ ಬರೆಯಲು ಬರುತ್ತದೆಯೇ ನೋಡೋಣ. ‘ಎಲ್ಲ ಬದಲಾಗಲಿ’ ಎಂಬುದು ಬೇಡಿಕೆಯಲ್ಲ. ‘ಅಧಿಸೂಚನೆಯಿಂದ ನೇಮಕಾತಿ ಆದೇಶದವರೆಗೆ ಪ್ರತಿ ಹಂತಕ್ಕೂ ಕಾಲಮಿತಿ ಹಾಕಿ, ಅದನ್ನು ಕಾನೂನು ಮಾಡಿ’ ಎಂಬುದು ಬೇಡಿಕೆ. ‘ಮುಚ್ಚಿದ ಗಣಿಯ ಜಮೀನಿನಲ್ಲಿ ಯಾವುದೇ ಉದ್ಯಮ ಬಂದರೂ ಸ್ಥಳೀಯರಿಗೆ ಎಷ್ಟು ಕೆಲಸ ಎಂದು ಮೊದಲೇ ಬರೆದುಕೊಡಿ’ ಎಂಬುದೂ ಬೇಡಿಕೆ. ಇಂಥದ್ದಕ್ಕೆ ಹೌದು ಅಥವಾ ಇಲ್ಲ ಎಂದು ಉತ್ತರಿಸದೆ ಯಾವ ಅಭ್ಯರ್ಥಿಯೂ ನುಣುಚಿಕೊಳ್ಳಲಾರ. ವಿಧಾನ ಪರಿಷತ್ತಿನಲ್ಲಿ ಪದವೀಧರರಿಗೆಂದೇ ಕ್ಷೇತ್ರಗಳಿವೆ. ಕೋಲಾರ ಜಿಲ್ಲೆ ಆಗ್ನೇಯ ಪದವೀಧರ ಕ್ಷೇತ್ರಕ್ಕೆ ಸೇರುತ್ತದೆ. ಅದರ ಮತದಾರರ ಪಟ್ಟಿಗೆ ನಾವೇ ಅರ್ಜಿ ಹಾಕಬೇಕು, ತಾನಾಗಿ ಹೆಸರು ಬರುವುದಿಲ್ಲ. ನಮ್ಮ ಗೆಳೆಯರಲ್ಲಿ ಎಷ್ಟು ಜನ ಹಾಕಿದ್ದೇವೆ?

1947ರಲ್ಲಿ ತರಗತಿ ಬಿಟ್ಟು ಬಂದ ವಿದ್ಯಾರ್ಥಿಗಳಿಗೆ ತಾವು ಏನನ್ನು ಕೇಳುತ್ತಿದ್ದೇವೆ ಎಂಬುದು ಗೊತ್ತಿತ್ತು, ಅದಕ್ಕೇ ಅದು ಸಿಕ್ಕಿತು. ಅವರ ಆ ಸಾಲಿನಲ್ಲಿ ಅನ್ನದ ಮಾತು ಇರಲಿಲ್ಲ. ಅದನ್ನು ಸೇರಿಸಿ ಬರೆಯುವ ಸರದಿ ಈಗ ನಮ್ಮದು.