ಶಾಲು ಹೊದಿಸುವ ಮೊದಲು ಎಫ್‌ಐಆರ್ ಓದಿರಿ



ಹಾನಗಲ್ಲ ಎಂದರೆ ನಮಗೆ ಕುಮಾರ ಶಿವಯೋಗಿಗಳ ನೆಲ. 1904ರಲ್ಲಿ ಮಹಾಸಭೆಯನ್ನು, 1909ರಲ್ಲಿ ಶಿವಯೋಗ ಮಂದಿರವನ್ನು ಕಟ್ಟಿದ ಆ ವಿರಕ್ತರಿಂದ ಊರಿಗೆ ಹೆಸರು ಬಂತು. 2024ರ ಜನವರಿಯಿಂದೀಚೆಗೆ ನಾಡು ಆ ಹೆಸರನ್ನು ಬೇರೆ ಕಾರಣಕ್ಕೆ ಹೇಳುತ್ತಿದೆ.

ಆ ತಿಂಗಳ 8ರಂದು ತಾಲ್ಲೂಕಿನ ವಸತಿಗೃಹವೊಂದಕ್ಕೆ ಗುಂಪು ನುಗ್ಗಿತು; ಒಳಗಿದ್ದ ಹೆಣ್ಣು ಗಂಡನ್ನು ಥಳಿಸಿ ವಿಡಿಯೊ ಮಾಡಿತು. ಮೊದಲು ದಾಖಲಾದ ಪ್ರಕರಣದಲ್ಲಿ ಹಲ್ಲೆಯಿತ್ತು, ಅತ್ಯಾಚಾರವಿರಲಿಲ್ಲ. 11ರಂದು ಆಕೆ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟ ಮೇಲೆಯೇ ಸಾಮೂಹಿಕ ಅತ್ಯಾಚಾರದ ಕಲಂ ಸೇರಿತು. 2025ರ ಮೇ ತಿಂಗಳಲ್ಲಿ ಏಳು ಪ್ರಮುಖ ಆರೋಪಿಗಳಿಗೆ ಜಾಮೀನಾಯಿತು. ನೊಂದವಳು ನ್ಯಾಯಾಲಯದಲ್ಲಿ ಅವರನ್ನು ಗುರುತಿಸಲಿಲ್ಲವೆಂದು ವರದಿಯಾಯಿತು. ಬಿಡುಗಡೆಯಾದವರು ಕಾರು, ಬೈಕು ಸಾಲುಗಟ್ಟಿ ಅಕ್ಕಿಆಲೂರಿನ ಬೀದಿಯಲ್ಲಿ ಮೆರವಣಿಗೆ ಹೊರಟರು. ಆಗ ಪೊಲೀಸರು ಮೆರವಣಿಗೆಯ ಮೇಲೆ ಇನ್ನೊಂದು ಪ್ರಕರಣ ದಾಖಲಿಸಿದರು.

ಯಾರು ಅಪರಾಧಿ ಎಂಬುದನ್ನು ನ್ಯಾಯಾಲಯವೇ ಹೇಳಲಿ. ನಾವು ಕೇಳುವುದು ಕಾಯಕದ ಪ್ರಶ್ನೆ. ಮೊದಲ ದೂರಿನಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ ಎಂಬ ಸಮಜಾಯಿಷಿ ಬಂದೀತು. ಗುಂಪಿನ ಕೈಗೆ ಸಿಕ್ಕ ಹೆಣ್ಣನ್ನು ಮಹಿಳಾ ಸಿಬ್ಬಂದಿ ಪಕ್ಕಕ್ಕೆ ಕೂರಿಸಿ, ಧೈರ್ಯ ತುಂಬಿ ಕೇಳುವುದು ಯಾರ ಕೆಲಸ? ಅತ್ಯಾಚಾರದ ಮಾಹಿತಿ ಬಂದೂ ದಾಖಲಿಸದ ಅಧಿಕಾರಿಗೆ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಕಠಿಣ ಸಜೆಯೆಂದು ಕಾನೂನೇ ಹೇಳುತ್ತದೆ. ಹಳೆಯ ದಂಡ ಸಂಹಿತೆಯ 166ಎ, ಹೊಸ ನ್ಯಾಯ ಸಂಹಿತೆಯ 199ನೇ ಕಲಂ ಓದಿ ನೋಡಿ. ಈ ಕಲಮಿನಡಿ ಜೈಲು ಕಂಡ ಅಧಿಕಾರಿಯನ್ನು ನೀವೆಷ್ಟು ಜನ ಕೇಳಿದ್ದೀರಿ?

ಲಂಚವೆಂದರೆ ನೋಟಿನ ಕಂತೆ ಮಾತ್ರವೆಂದು ನಾವು ತಿಳಿದಿದ್ದೇವೆ. ಬರೆಯಬೇಕಾದುದನ್ನು ಬರೆಯದ ಲೇಖನಿ, ಸಾಕ್ಷಿ ಹೆದರಿದ್ದು ಕಂಡೂ ರಕ್ಷಣೆ ಕೋರದ ಅಭಿಯೋಜಕ, ಇವೂ ಭ್ರಷ್ಟಾಚಾರವೇ. ಸಾಕ್ಷಿ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ 2018ರಲ್ಲೇ ಕಾನೂನಿನ ಬಲ ಕೊಟ್ಟಿದೆ. ಅದು ಕಡತದಲ್ಲಿ ಮಲಗಿದರೆ ನೊಂದವಳು ಒಂಟಿಯಾಗಿ ಕಟಕಟೆ ಹತ್ತಬೇಕಾಗುತ್ತದೆ. ಎದುರಿಗೆ ಆರೋಪಿಗಳು, ಹೊರಗೆ ಅವರ ಬಳಗ.

ಇದರ ಬೇರು ಹುದ್ದೆಯ ಮಾರಾಟದಲ್ಲಿದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯನ್ನು ಅಕ್ರಮದ ಕಾರಣಕ್ಕೆ ರದ್ದು ಮಾಡಬೇಕಾಯಿತು. ನೇಮಕಾತಿ ವಿಭಾಗದ ಎಡಿಜಿಪಿಯೇ 2022ರಲ್ಲಿ ಬಂಧನಕ್ಕೊಳಗಾದರು. ಅದಕ್ಕೂ ಹಿಂದೆ ಸಹಾಯಕ ಸರ್ಕಾರಿ ಅಭಿಯೋಜಕರ 197 ಹುದ್ದೆಗಳ ನೇಮಕಾತಿಯಲ್ಲಿ ಉತ್ತರ ಪತ್ರಿಕೆ ತಿದ್ದಿದ ಆರೋಪದ ಮೇಲೆ ಲೋಕಾಯುಕ್ತ ತನಿಖೆ ನಡೆಯಿತು. ಕೊಂಡ ಕುರ್ಚಿಯ ಅಸಲನ್ನು ಬಡವನ ದೂರಿನಿಂದಲ್ಲದೆ ಇನ್ನೆಲ್ಲಿಂದ ಎತ್ತುತ್ತಾರೆ? ಅಣ್ಣ ಬಸವಣ್ಣ ಕಲ್ಯಾಣದ ಭಂಡಾರ ಕಾಯ್ದವರು. ರಾಜ್ಯದ ಅಧಿಕಾರ ಕೈಯಲ್ಲಿದ್ದೂ ಅದನ್ನು ತನ್ನದೆನ್ನದ ಆ ನಡೆಯೇ ಸರ್ಕಾರಿ ನೌಕರನಿಗೆ ಕಾಯಕದ ಪಾಠ.

ಇನ್ನು ನಮ್ಮ ಮಾತು. ಜಾತ್ರೆ, ಪುಣ್ಯಸ್ಮರಣೆ ಬಂದರೆ ಸಾಕು, ಠಾಣೆಯ ಅಧಿಕಾರಿಗೆ ವೇದಿಕೆಯಲ್ಲಿ ಕುರ್ಚಿ, ಶಾಲು, ಫಲತಾಂಬೂಲ. ಠಾಣೆಯ ಹೊರಗೆ ದಿನವಿಡೀ ಕಾದ ವಿಧವೆ ಅದನ್ನು ನೋಡಿ ಏನೆಂದುಕೊಳ್ಳಬೇಕು? ನೊಂದವಳ ಧರ್ಮ ಯಾವುದು, ಆರೋಪಿಗಳದು ಯಾವುದು ಎಂದು ಲೆಕ್ಕ ಹಾಕಿ ಕೆಲವರು ಕೂಗಿದರು, ಕೆಲವರು ಸುಮ್ಮನಾದರು. ಇಷ್ಟಲಿಂಗ ಹಿಡಿದ ಕೈಗೆ ಆ ಲೆಕ್ಕ ಸಲ್ಲದು.

ಆದ್ದರಿಂದ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಮಠಗಳಲ್ಲಿ ನಮ್ಮ ಬೇಡಿಕೆ ಮೂರು:

1. ಸೇವೆಯಲ್ಲಿರುವ ಪೊಲೀಸ್ ಅಧಿಕಾರಿಗೆ, ಸರ್ಕಾರಿ ಅಭಿಯೋಜಕರಿಗೆ ಮಠದ ವೇದಿಕೆಯಲ್ಲಿ ಸನ್ಮಾನ ನಿಲ್ಲಲಿ.

2. ದೂರು ಕೊಡಲು ಹೋಗುವ ಹೆಣ್ಣಿನ ಜೊತೆ, ಜಾತಿ ಧರ್ಮ ಕೇಳದೆ, ಇಬ್ಬರು ಶರಣೆಯರು ಹೋಗಲಿ. ಎಫ್‌ಐಆರ್ ಪ್ರತಿ ಉಚಿತವಾಗಿ ಪಡೆದು, ಹೇಳಿದ್ದೆಲ್ಲ ಅದರಲ್ಲಿದೆಯೇ ಎಂದು ಅಲ್ಲೇ ಓದಲಿ.

3. ಅಭಿಯೋಜಕರಿಗೆ ನೆರವಾಗಲು ನೊಂದವರು ತಮ್ಮ ವಕೀಲರನ್ನು ಇಟ್ಟುಕೊಳ್ಳಲು ನ್ಯಾಯಾಲಯ ಅನುಮತಿ ಕೊಡಬಹುದು. ಆ ವಕೀಲರ ಖರ್ಚು ದಾಸೋಹದ ಲೆಕ್ಕಕ್ಕೆ ಬರಲಿ.

ಹಸಿದವನಿಗೆ ಅನ್ನವಿಡುವುದನ್ನು ಮಠಗಳು ನಾಡಿಗೇ ಕಲಿಸಿವೆ. ನ್ಯಾಯಕ್ಕೆ ಹಸಿದವರೂ ಬಾಗಿಲಲ್ಲಿದ್ದಾರೆ. ಅವರಿಗೂ ಪಂಕ್ತಿ ಹಾಕೋಣ.